ಪಕ್ಕದ ಮನೆಯಲ್ಲಿ ಹೊಡೆತ: 1098ಕ್ಕೆ ಫೋನ್ ಮಾಡಿದರೆ ಮಕ್ಕಳನ್ನು ಕರ್ಕೊಂಡು ಹೋಗ್ತಾರಾ?

ಪ್ರಶ್ನೆ: ಮೇಡಂ, ನಮ್ಮದು ತುಮಕೂರು. ಪಕ್ಕದ ಮನೆಯವನು ಕುಡಿದು ಬಂದು ಹೆಂಡತಿಗೆ ಹೊಡೀತಾನೆ. ಈಗ ಎಂಟು ವರ್ಷದ ಮಗಳ ಮೇಲೂ ಕೈ ಮಾಡ್ತಿದ್ದಾನೆ. ಮಕ್ಕಳ ಸಹಾಯವಾಣಿ 1098ಕ್ಕೆ ಹೇಳೋಣ ಅಂದ್ರೆ, ಮಗುವನ್ನು ಹಾಸ್ಟೆಲ್‌ಗೆ ಹಾಕ್ತಾರೆ ಅಂತ ಅವಳಮ್ಮ ಹೆದರ್ತಾರೆ. ನನ್ನ ಹೆಸರು ಹೊರಗೆ ಬರುತ್ತಾ?

ಉತ್ತರ (ಆಪ್ತ ಸಮಾಲೋಚಕಿ): ಈ ಹೆದರಿಕೆ ತುಂಬಾ ಜನರಿಗಿದೆ. ಆದರೆ 2015ರ ಬಾಲನ್ಯಾಯ ಕಾಯ್ದೆ ಹೇಳೋದೇ ಬೇರೆ. ಮಗುವನ್ನು ಸಂಸ್ಥೆಗೆ ಸೇರಿಸೋದು ಕೊನೆಯ ದಾರಿ. ನೋಡಿಕೊಳ್ಳುವ ತಾಯಿ ಇರುವಾಗ, ಇಂಥ ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಮಕ್ಕಳ ಕಲ್ಯಾಣ ಸಮಿತಿ ಮೊದಲು ನೋಡೋದು, ಅವಳ ಜೊತೆಗೇ ಮಗು ಸುರಕ್ಷಿತವಾಗಿ ಇರೋಕೆ ಆಗುತ್ತಾ ಅಂತ. 1098ರಲ್ಲಿ ಹೆಸರು ಗುಟ್ಟಾಗಿಡಿ ಅಂತ ಕೇಳಬಹುದು. ಕೌಟುಂಬಿಕ ಹಿಂಸೆ ಕಾಯ್ದೆಯ 4ನೇ ಕಲಂ ಪ್ರಕಾರ, ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕೋಕೆ ಬರಲ್ಲ. ಹೊಡೆತ ನಡೀತಿರುವಾಗಲಂತೂ ನೇರವಾಗಿ ತುರ್ತು ನಂಬರ್ 112ಕ್ಕೇ ಫೋನ್ ಮಾಡಿ, ಬೇರೆ ಯೋಚನೆ ಬೇಡ.

ಪ್ರಶ್ನೆ: ಹಿಂದೆ ಒಂದ್ಸಲ ಸ್ಟೇಷನ್‌ಗೆ ಹೋಗಿದ್ರು. ರಾಜಿ ಮಾಡಿಸಿ ಕಳಿಸಿದರಂತೆ.

ಉತ್ತರ: ನನಗೆ ಸಿಟ್ಟು ಬರೋದು ಇಲ್ಲೇ. "ಇನ್ಮೇಲೆ ಹೊಡೆಯಲ್ಲ" ಅಂತ ಬರೆಸಿಕೊಂಡ ಚೀಟಿ ಆ ರಾತ್ರಿಗೇ ಮುಗಿದುಹೋಗುತ್ತೆ. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಲಿ, ದಾರಿ ಅಂಗನವಾಡಿ ಟೀಚರಿಗೆ ಗೊತ್ತಿರುತ್ತೆ. ನಮ್ಮ ರಾಜ್ಯದಲ್ಲಿ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ನೆರವಾಗುವ ಸಂರಕ್ಷಣಾಧಿಕಾರಿ ಅಂದ್ರೆ ಸಿಡಿಪಿಒ ಅವರೇ. ಅಲ್ಲಿ ಡಿಐಆರ್ (ಕೌಟುಂಬಿಕ ಘಟನಾ ವರದಿ) ಅಂತ ಒಂದು ಫಾರಂ ತುಂಬುತ್ತಾರೆ. ಯಾವತ್ತು, ಎಲ್ಲಿಗೆ, ಯಾವುದರಿಂದ ಹೊಡೆದ, ಮಕ್ಕಳು ನೋಡಿದರಾ, ಎಲ್ಲ ಬರೆಸಲಿ. "ಆಗಾಗ ಜಗಳ" ಅಂತ ಬರೆದರೆ ಏನೂ ಉಪಯೋಗವಿಲ್ಲ. ಈ ವರದಿ ಮ್ಯಾಜಿಸ್ಟ್ರೇಟ್‌ಗೆ ಹೋಗುತ್ತೆ. ಅವರು ಹೊಡೆಯದಂತೆ ಆದೇಶ ಕೊಡಬಹುದು, ಮಕ್ಕಳನ್ನು ಸದ್ಯಕ್ಕೆ ತಾಯಿ ಬಳಿ ಬಿಡಬಹುದು, ಗಂಡನನ್ನೇ ಮನೆಯಿಂದ ಹೊರಗಿಡಬಹುದು. ಮನೆ ಅವನ ಹೆಸರಲ್ಲಿದ್ರೂ ಅಷ್ಟೇ. ಇದು ಬಹಳ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ.

ವಕೀಲರ ಫೀಸ್ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ನಂಬರ್ 15100.

ಪ್ರಶ್ನೆ: ರಾತ್ರೋರಾತ್ರಿ ಹೊರಡಬೇಕಾದರೆ?

ಉತ್ತರ: ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಲಿ, ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೆ ಆಸರೆ ಕೊಡುವ ಸಖಿ ಕೇಂದ್ರಕ್ಕೆ ಸೇರಿಸುತ್ತಾರೆ. ಸಾಮಾನ್ಯವಾಗಿ ಐದು ದಿನದವರೆಗೆ ಇರಬಹುದು. ಚಿಕಿತ್ಸೆ, ಪೊಲೀಸ್ ಸಹಾಯ, ಸಮಾಲೋಚನೆಗೆ ಅಲ್ಲಿಂದಲೇ ವ್ಯವಸ್ಥೆ ಮಾಡ್ತಾರೆ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕು, ಮಗುವಿನ ಜನನ ಪ್ರಮಾಣಪತ್ರ ಒಂದು ಕವರಿಗೆ ಹಾಕಿ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳೋಕೆ ಆಗುತ್ತಾ, ಕೇಳಿ ನೋಡಿ. ಅವಸರದಲ್ಲಿ ಅವನ್ನು ಹುಡುಕಿಕೊಂಡು ಕೂರೋಕೆ ಆಗಲ್ಲ.