ತಂಗಿಯ ಪಾಸ್‌ಪೋರ್ಟ್: ಇನಿಶಿಯಲ್ ಬಿಡಿಸಿ ಬರೆಸಬೇಕಾ?

ಹಾಸನದ ಅಣ್ಣ
ಎಲ್ಲರಿಗೂ ನಮಸ್ಕಾರ. ತಂಗಿಗೆ ದುಬೈನಲ್ಲಿ ನರ್ಸ್ ಕೆಲಸ ಸಿಗೋ ಹಾಗಿದೆ, ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಅವಳ ಹೆಸರು ಕಾವ್ಯ ಅಂತ ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಎಚ್. ಎಸ್.’ ಅಂತ ಇದೆ, ಆಧಾರ್‌ನಲ್ಲಿ ಬರೀ ‘ಕಾವ್ಯ’, ಪ್ಯಾನ್ ಕಾರ್ಡಿನಲ್ಲಿ ‘ಕಾವ್ಯ ಹೊಸಹಳ್ಳಿ ಸಿದ್ದೇಗೌಡ’. ಎಚ್ ಅಂದ್ರೆ ನಮ್ಮೂರು, ಎಸ್ ಅಂದ್ರೆ ಅಪ್ಪ. ಮೂರೂ ಅವಳೇ, ಆದರೆ ಕಾಗದದಲ್ಲಿ ಮೂರು ಜನ. ಸೈಬರ್ ಸೆಂಟರ್‌ನವರು ‘ಆಧಾರ್‌ನಲ್ಲಿ ಇದ್ದ ಹಾಗೇ ಹಾಕ್ತೀನಿ, ಸರ್‌ನೇಮ್ ಖಾಲಿ ಇರಲಿ, ಏನೂ ಆಗಲ್ಲ’ ಅಂದರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಮೈಸೂರಿನಿಂದ
ದಯವಿಟ್ಟು ಖಾಲಿ ಬಿಡಬೇಡಿ, ಅದರಲ್ಲೂ ದುಬೈಗೆ ಹೋಗುವವರು. 2022ರ ನವೆಂಬರ್‌ನಲ್ಲಿ ಯುಎಇಯವರು ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ವಿಸಿಟ್ ವೀಸಾ ಕೊಡುವುದನ್ನೇ ನಿಲ್ಲಿಸಿದರು. ಆಮೇಲೆ ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಪರವಾಗಿಲ್ಲ ಅಂದರು, ಆದರೂ ಆ ತಲೆನೋವು ಯಾಕೆ? ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ಹಾಕೋ ಹಾಗಿಲ್ಲ, ಬಿಡಿಸಿಯೇ ಬರೆಯಬೇಕು.

ಮೊದಲು ಆಧಾರ್ ಸರಿ ಮಾಡಿಸಿ. ಪ್ಯಾನ್‌ನಲ್ಲಿ ಪೂರ್ತಿ ಹೆಸರಿದೆ ಅಂದ್ರಲ್ಲ, ಅದೇ ನಿಮಗೆ ದೊಡ್ಡ ಆಸರೆ. ಹೆಸರಿಗೆ ದಾಖಲೆಯಾಗಿ ಪ್ಯಾನ್ ನಡೆಯುತ್ತೆ. ಒರಿಜಿನಲ್ ತಗೊಂಡು ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ, 75 ರೂಪಾಯಿ ಶುಲ್ಕ. ಆದರೆ ಒಂದು ಮಾತು: ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಸುಮ್ನೆ ಹೋಗಿ ಒಂದನ್ನು ಕಳೆದುಕೊಳ್ಳಬೇಡಿ.

ಶಿವಮೊಗ್ಗದ ಮೇಷ್ಟ್ರು
ಮೇಲಿನವರು ಹೇಳಿದ್ದು ಸರಿ. ಅದಕ್ಕಿಂತ ಮುಂಚೆ ಇನ್ನೊಂದು ಕೆಲಸ ಇದೆ. ಒಂದು ಹಾಳೆ ತಗೊಂಡು ಇಂಗ್ಲಿಷ್‌ನಲ್ಲಿ ತಂಗಿಯ ಹೆಸರು, ಅಪ್ಪನ ಹೆಸರು ದೊಡ್ಡಕ್ಷರದಲ್ಲಿ ಬರೆಯಿರಿ. ಗೌಡಕ್ಕೆ ‘ಡಬ್ಲ್ಯೂ’ ಹಾಕಿದ್ದಾರೋ ‘ಯು’ ಹಾಕಿದ್ದಾರೋ, ಸಿದ್ದೇಗೌಡ ಒಂದೇ ಪದವೋ ಎರಡೋ, ಅಪ್ಪನ ಆಧಾರ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ನಮ್ಮ ಮಗನಿಗೆ ಇದೇ ಕಾರಣಕ್ಕೆ ಪಾಸ್‌ಪೋರ್ಟ್ ಕೌಂಟರಿನಲ್ಲಿ ನಿಲ್ಲಿಸಿದರು. ಅಧಿಕಾರಿ ಬೆರಳಿಟ್ಟು ತೋರಿಸಿದ್ದು ನನ್ನ ಹೆಸರಿನ ಮಧ್ಯದ ಒಂದು ಖಾಲಿ ಜಾಗವನ್ನು. ಮತ್ತೆ ಅಪಾಯಿಂಟ್‌ಮೆಂಟ್ ತಗೊಂಡು, ರಜೆ ಹಾಕಿ, ಬಸ್ಸಿನಲ್ಲಿ ಇನ್ನೊಂದು ಸಲ ಹೋಗಬೇಕಾಯಿತು. ಅವನ ಮುಖ ನೋಡೋಕೆ ಆಗಲಿಲ್ಲ.

ಆಧಾರ್ ಕೇಂದ್ರದಲ್ಲಿ ಕನ್ನಡದ ಹೆಸರನ್ನೂ ನೋಡಿ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಕನ್ನಡ ತಾನೇ ಬರುತ್ತೆ, ‘ಕಾವ್ಯ’ ‘ಕವ್ಯ’ ಆಗಿ ಕೂತಿರಬಹುದು. ಒಪ್ಪಿಗೆ ಕೊಡೋ ಮುಂಚೆ ಪರದೆ ನಮ್ಮ ಕಡೆ ತಿರುಗಿಸಿ ಅಂತ ಕೇಳಿ, ಕೇಳೋದು ತಪ್ಪಲ್ಲ.

ಡಲ್ಲಾಸ್‌ನಲ್ಲಿರುವ ಹಾಸನದವಳು
ನಾನು ಸರ್‌ನೇಮ್ ಖಾಲಿ ಬಿಟ್ಟು ಬಂದವಳು. ಅಮೆರಿಕದ ವೀಸಾದಲ್ಲಿ ನನ್ನ ಹೆಸರೇ ಸರ್‌ನೇಮ್ ಆಯಿತು, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬಂತು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಅಮ್ಮ ಇಟ್ಟ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲದ ಹಾಗೆ ಆಯ್ತಲ್ಲ ಅಂತ ತುಂಬಾ ನೋವಾಗಿತ್ತು. ಬ್ಯಾಂಕಿನಲ್ಲೂ ಆಸ್ಪತ್ರೆಯಲ್ಲೂ ಅದನ್ನೇ ಕೂಗುತ್ತಾರೆ. ತಂಗಿಗೆ ಹಾಗಾಗದಿರಲಿ. ಹೆಸರಿನ ಜಾಗದಲ್ಲಿ ಕಾವ್ಯ, ಸರ್‌ನೇಮ್ ಜಾಗದಲ್ಲಿ ಹೊಸಹಳ್ಳಿ ಸಿದ್ದೇಗೌಡ ಅಂತ ಹಾಕಿಸಿ.

ಹಾಸನದ ಅಣ್ಣ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ಅನುಮಾನ, ಅಂಕಪಟ್ಟಿಯಲ್ಲೂ ಇನಿಶಿಯಲ್ ಬಿಡಿಸಬೇಕಾ?

ಶಿವಮೊಗ್ಗದ ಮೇಷ್ಟ್ರು
ಅದನ್ನು ಮುಟ್ಟಬೇಡಿ. ಅಂಕಪಟ್ಟಿ ತಿದ್ದಬೇಕಾದರೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಮಂಡಳಿಗೆ ಹೋಗಬೇಕು, ಅದು ಜಾಸ್ತಿ ದಿನದ ಕೆಲಸ. ಮಗನ ಅಂಕಪಟ್ಟಿಯಲ್ಲಿ ಇನಿಶಿಯಲ್ಲೇ ಇತ್ತು, ಅದರ ಬಗ್ಗೆ ಯಾರೂ ತಕರಾರು ಮಾಡಲಿಲ್ಲ. ಆದರೆ ಪಾಸ್‌ಪೋರ್ಟಿಗೆ ಹೋಗುವಾಗ ಅದರ ಒರಿಜಿನಲ್ ಮರೆಯದೆ ತಗೊಂಡು ಹೋಗಿ. ಹುಟ್ಟಿದ ದಿನಾಂಕಕ್ಕೂ ಬೇಕು, ಹತ್ತನೇ ಕ್ಲಾಸ್ ಪಾಸಾಗಿದ್ದಾಳೆ ಅಂತ ತೋರಿಸಲಿಕ್ಕೂ ಬೇಕು.

ಹಾಸನದ ಅಣ್ಣ
ಅಪ್ಪನ ಆಧಾರ್ ಈಗ ತೆಗೆದು ನೋಡಿದೆ ಸರ್. ಸಿದ್ದೇಗೌಡ ಒಂದೇ ಪದ, ‘ಡಬ್ಲ್ಯೂ’ ಇದೆ. ಪ್ಯಾನ್‌ನಲ್ಲೂ ಹಾಗೇ ಇದೆ. ಸೋಮವಾರ ತಂಗಿಯನ್ನು ಕರೆದುಕೊಂಡು ಆಧಾರ್ ಕೇಂದ್ರಕ್ಕೆ ಹೋಗುತ್ತೇನೆ.