ನೀತ್ಸೆಯ ಕ್ರೈಸ್ತ ನೀತಿವಿಮರ್ಶೆ: ಹುಟ್ಟು ಹೊಲಸಾದರೆ ಮೌಲ್ಯವೂ ಹೊಲಸೇ?

ಪುಟತಿರುವು:
ಜರ್ಮನ್ ತತ್ತ್ವಜ್ಞಾನಿ ನೀತ್ಸೆಯ ‘ನೈತಿಕತೆಯ ವಂಶಾವಳಿ’ಯ (1887) ಮೊದಲ ಪ್ರಬಂಧದ ಬಗ್ಗೆ ಎರಡು ಪ್ರಶ್ನೆ. ದೈನ್ಯ, ಕ್ಷಮೆ, ಸಹನೆ ಎಂದು ಕ್ರೈಸ್ತಧರ್ಮ ಕೊಂಡಾಡುವ ಗುಣಗಳು ಕೈಲಾಗದವರ ಅದುಮಿಟ್ಟ ಹಗೆಯಿಂದ ಹುಟ್ಟಿದವು ಎನ್ನುತ್ತಾನೆ. ಹಾಗೇ ಇರಲಿ. ಕೆಸರಿನಲ್ಲಿ ಹುಟ್ಟಿತೆಂದು ತಾವರೆಯನ್ನು ಯಾರಾದರೂ ಹಳಿಯುತ್ತಾರೆಯೇ? ಹುಟ್ಟನ್ನು ತೋರಿಸಿ ಬೆಲೆಯನ್ನು ಅಲ್ಲಗಳೆಯುವುದು ತರ್ಕದೋಷವಲ್ಲವೇ? ಎರಡನೆಯದು, ‘ಒಳ್ಳೆಯದು–ಕೆಟ್ಟದು’ ಜೋಡಿಯಲ್ಲಿ ಎರಡು ಬಗೆ ಇದೆ ಎನ್ನುತ್ತಾನೆ. ಅನುವಾದ ಮಾಡಿಕೊಂಡರೆ ಎರಡೂ ಒಂದೇ ಥರ ಕಾಣುತ್ತವೆ.

ಪದಶೋಧ:
ಎರಡನೆಯದನ್ನು ಮೊದಲು ಬಿಡಿಸಿಕೊಳ್ಳಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಜರ್ಮನ್‌ನ ‘ಗೂಟ್’ಗೆ (ಒಳ್ಳೆಯದು) ಎದುರುಪದ ಎರಡು: ‘ಶ್ಲೆಷ್ಟ್’ ಮತ್ತು ‘ಬ್ಯೋಸೆ’. ನಮ್ಮ ‘ಕೆಟ್ಟ’ ಎರಡನ್ನೂ ನುಂಗಿಬಿಡುತ್ತದೆ. ಹಾಲೂ ಕೆಡುತ್ತದೆ, ಮನುಷ್ಯನೂ ಕೆಟ್ಟವನಾಗುತ್ತಾನೆ. ಮೊದಲನೆಯದಕ್ಕೆ ‘ಕೀಳು’, ಎರಡನೆಯದಕ್ಕೆ ‘ದುಷ್ಟ’ ಎಂದು ಇಟ್ಟುಕೊಂಡು ಮತ್ತೆ ಓದಿ. 4ನೇ ಭಾಗದಲ್ಲಿ ಅವನೇ ತೋರಿಸುತ್ತಾನೆ: ‘ಶ್ಲೆಷ್ಟ್’ ಮೂಲದಲ್ಲಿ ‘ಶ್ಲಿಷ್ಟ್’, ಅಂದರೆ ಸಾದಾ, ಸಾಮಾನ್ಯ. ಅದರಲ್ಲಿ ಬೈಗುಳ ಸೇರಿಕೊಂಡದ್ದು ಮೂವತ್ತು ವರ್ಷಗಳ ಯುದ್ಧದ (1618–48) ಹೊತ್ತಿಗೆ ಎನ್ನುತ್ತಾನೆ.

ಮುಖ್ಯವಾದದ್ದು ಕ್ರಮ. ಒಡೆಯನು ಮೊದಲು ‘ನಾನು ಒಳ್ಳೆಯವನು’ ಎನ್ನುತ್ತಾನೆ. ‘ಅವರು ಕೀಳು’ ಎಂಬುದು ಅವನಿಗೆ ಆಮೇಲೆ ಹೊಳೆದ ಮಾತು. ತುಳಿತಕ್ಕೆ ಸಿಕ್ಕವನು ‘ಅವನು ದುಷ್ಟ’ ಎಂದು ಶುರುಮಾಡಿ, ‘ಅವನಂತಲ್ಲದ ನಾನು ಒಳ್ಳೆಯವನು’ ಎಂದು ಮುಗಿಸುತ್ತಾನೆ. 10ನೇ ಭಾಗದಲ್ಲಿ ಬರುವ ‘ರೆಸ್ಸೆಂಟಿಮೆಂಟ್’, ಅಂದರೆ ನೀವು ಹೇಳಿದ ಆ ಅದುಮಿಟ್ಟ ಹಗೆ, ಇಲ್ಲಿಯ ಕೆಲಸಗಾರ. ಇದನ್ನು ‘ಹೊಟ್ಟೆಕಿಚ್ಚು’ ಎಂದು ಅನುವಾದಿಸಿದರೆ ವಾದ ಕುಸಿಯುತ್ತದೆ. ಎಟುಕದ ದ್ರಾಕ್ಷಿಯನ್ನು ಹುಳಿ ಎಂದ ನರಿಯೂ ಸಿಹಿಯೇ ಮೇಲೆಂದು ಒಪ್ಪಿಕೊಂಡಿದೆ. ರೆಸ್ಸೆಂಟಿಮೆಂಟ್ ಅದನ್ನೂ ದಾಟಿ, ಸಿಹಿಯೇ ಪಾಪ ಎನ್ನುತ್ತದೆ. ಹಗೆ ಹೊಸ ಮೌಲ್ಯವನ್ನು ಹೆರುವುದು ಆ ಕ್ಷಣದಲ್ಲಿ.

13ನೇ ಭಾಗವನ್ನು ನಿಧಾನಕ್ಕೆ ಓದಿ. ‘ಮಿಂಚು ಮಿಂಚಿತು’ ಎನ್ನುತ್ತೇವೆ. ಇರುವುದು ಒಂದೇ ಘಟನೆ, ವ್ಯಾಕರಣ ಅದನ್ನು ಕರ್ತೃ, ಕ್ರಿಯೆ ಎಂದು ಸೀಳುತ್ತದೆ. ಬಲಶಾಲಿಯನ್ನೂ ಅವನ ಬಲವನ್ನೂ ಹೀಗೇ ಸೀಳಿದರೆ ‘ಅವನು ಸುಮ್ಮನಿರಬಹುದಿತ್ತು, ಆದ್ದರಿಂದ ತಪ್ಪಿತಸ್ಥ’ ಎನ್ನಬಹುದು. ಅವನ ಉಪಮೆಯಲ್ಲಿ ದುರ್ಬಲನಾದ ಕುರಿಮರಿಯ ಕೈಲಾಗದತನವೂ ಅದೇ ದಾರಿಯಲ್ಲಿ ‘ನಾನೇ ಆರಿಸಿಕೊಂಡ ಸದ್ಗುಣ’ವಾಗುತ್ತದೆ.

ಒರೆಗಲ್ಲು:
ಮೊದಲ ಪ್ರಶ್ನೆಗೆ ಬರುತ್ತೇನೆ. ಆ ದೋಷ ನೀತ್ಸೆಗೂ ಗೊತ್ತಿತ್ತು. 1887ರಲ್ಲೇ ‘ಉಲ್ಲಾಸದ ವಿಜ್ಞಾನ’ಕ್ಕೆ ಸೇರಿಸಿದ ಐದನೇ ಭಾಗದಲ್ಲಿ, 345ನೇ ಬರಹ ನೋಡಿ: ಒಂದು ನೀತಿ ತಪ್ಪಿನಿಂದಲೇ ಬೆಳೆದಿದ್ದರೂ, ಅದರ ಬೆಲೆಯ ಪ್ರಶ್ನೆಯನ್ನು ಅದರಿಂದ ಮುಟ್ಟಿದಂತೆಯೂ ಆಗುವುದಿಲ್ಲ ಎಂಬುದು ಅಲ್ಲಿಯ ಮಾತಿನ ತಿರುಳು. ಹಾಗಾದರೆ ಚರಿತ್ರೆ ಯಾಕೆ ಬೇಕು? ‘ಈ ನೀತಿ ದೇವದತ್ತ, ಎಂದೆಂದಿನದು, ಪ್ರಶ್ನಿಸಬಾರದ್ದು’ ಎಂಬ ಕವಚವನ್ನು ಕಳಚಲು. ಕವಚ ಕಳಚಿದ ಮೇಲೆ ಮುನ್ನುಡಿಯ 6ನೇ ಭಾಗದ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಬೇಕು: ಈ ಮೌಲ್ಯಗಳ ಮೌಲ್ಯವೇನು? ನಿಮ್ಮ ಮಾತಿನಲ್ಲೇ ಹೇಳುವುದಾದರೆ, ತಾವರೆ ಎಲ್ಲಿ ಹುಟ್ಟಿತು ಎನ್ನುವುದಕ್ಕಿಂತ ಅದು ಕೆರೆಗೆ ಏನು ಮಾಡುತ್ತಿದೆ ಎನ್ನುವುದು ಅವನ ಚಿಂತೆ.

ಅವನು ನಿಜವಾಗಿ ಎಡವುವುದು ಬೇರೆ ಕಡೆ. ಮೌಲ್ಯಗಳನ್ನು ಅವನು ಅಳೆಯುವ ‘ಬದುಕನ್ನು ಏರಿಸುವುದು, ಇಳಿಸುವುದು’ ಎಂಬ ಅಳತೆಗೋಲನ್ನೇ ನಾವು ಯಾಕೆ ಒಪ್ಪಬೇಕು? ಇದಕ್ಕೆ ಅವನಲ್ಲಿ ನೇರ ಸಮರ್ಥನೆ ನನಗೆ ಕಾಣುವುದಿಲ್ಲ.

ಪ್ರತಿಪಕ್ಷ:
ಹುಟ್ಟಿನ ಕಥೆಯನ್ನೂ ಅಷ್ಟು ಸುಲಭಕ್ಕೆ ಬಿಟ್ಟುಕೊಡಬೇಡಿ. 15ನೇ ಭಾಗದಲ್ಲಿ ಅವನು ತರುವ ಸಾಕ್ಷಿ ಆದಿಕಾಲದ ಕ್ರೈಸ್ತ ಲೇಖಕ ಟರ್ಟುಲಿಯನ್. ಕಡೆಯ ತೀರ್ಪಿನ ದಿನ ರಾಜರು ಉರಿಯುವುದನ್ನು ನೋಡಿ ಹಿಗ್ಗುವ ಬರಹ. ಹಗೆ ಅಲ್ಲಿ ನಿಚ್ಚಳವಾಗಿದೆ. ಆದರೆ ಒಬ್ಬ ಟರ್ಟುಲಿಯನ್‌ನಿಂದ ಇಡೀ ಕ್ರೈಸ್ತ ಪ್ರೀತಿಯನ್ನು ಅಳೆಯಲಾಗದು. 1912ರಲ್ಲಿ ಜರ್ಮನ್ ತತ್ತ್ವಜ್ಞಾನಿ ಮಾಕ್ಸ್ ಶೆಲರ್ ಕೊಟ್ಟ ಉತ್ತರ ಈಗಲೂ ಗಟ್ಟಿಯಾಗಿದೆ: ಕೆಳಗಿನವನ ಕಡೆ ಬಾಗುವ ಪ್ರೀತಿ ಕೊರತೆಯಿಂದಲ್ಲ, ತುಂಬಿ ತುಳುಕುವುದರಿಂದ ಬರಬಹುದು. ರೆಸ್ಸೆಂಟಿಮೆಂಟ್ ಎಂಬ ರೋಗನಿದಾನವನ್ನು ಶೆಲರ್ ತಳ್ಳಿಹಾಕಲಿಲ್ಲ, ರೋಗಿ ಬೇರೆ ಎಂದ. ಅದು ಆಧುನಿಕ ಮಾನವತಾವಾದಕ್ಕೆ ತಗಲುತ್ತದೆ ಎಂಬುದು ಅವನ ನಿಲುವು.

ನೀತ್ಸೆಯೇ 1888ರಲ್ಲಿ ಬರೆದ ‘ಕ್ರಿಸ್ತವಿರೋಧಿ’ ಎಂಬ ಕೃತಿಯಲ್ಲಿ ಯೇಸುವನ್ನು ಈ ಆರೋಪದಿಂದ ಹೊರಗಿಡುತ್ತಾನೆ. ಇದ್ದ ಒಬ್ಬನೇ ಕ್ರೈಸ್ತ ಶಿಲುಬೆಯ ಮೇಲೆ ಸತ್ತ ಎನ್ನುತ್ತಾನೆ. ಅಲ್ಲಿ ಅವನ ಗುರಿ ಯೇಸುವಿನ ನಂತರ ಕ್ರೈಸ್ತಧರ್ಮವನ್ನು ಹರಡಿದ ಪೌಲ. ಈ ಭೇದ ಮರೆತರೆ ಚರ್ಚೆ ಹಳಿ ತಪ್ಪುತ್ತದೆ.

ಪುಟತಿರುವು:
ಎಲ್ಲರಿಗೂ ಧನ್ಯವಾದ. ‘ಕೀಳು–ದುಷ್ಟ’ ಹಾಕಿಕೊಂಡು 10ನೇ ಭಾಗ ಮತ್ತೆ ಓದಿದೆ, ಈಗ ಬಿಡಿಸಿಕೊಂಡಿತು. ಎರಡನೇ ಪ್ರಬಂಧದಲ್ಲಿ ಎಲ್ಲಿ ಎಚ್ಚರವಾಗಿರಬೇಕು?

ಪದಶೋಧ:
‘ಶುಲ್ಡ್’ ಎಂಬ ಪದದಲ್ಲಿ. ಜರ್ಮನ್‌ನಲ್ಲಿ ಅದು ತಪ್ಪೂ ಹೌದು, ಸಾಲವೂ ಹೌದು (4ನೇ ಭಾಗ). 16ನೇ ಭಾಗಕ್ಕೆ ‘ಕೈಲಾಗದವನು ಮೈ ಪರಚಿಕೊಂಡ’ ಗಾದೆಯೇ ಕೀಲಿಕೈ: ಹೊರಗೆ ಹರಿಯಲಾಗದ ಕ್ರೌರ್ಯ ಒಳಕ್ಕೆ ತಿರುಗಿ ಪಾಪಪ್ರಜ್ಞೆಯಾಗುತ್ತದೆ. 19ರಲ್ಲಿ ಪೂರ್ವಜರಿಗೆ ಸಲ್ಲಬೇಕಾದ ಸಾಲ ಬರುತ್ತದೆ. ನಮಗೆ ತಕ್ಷಣ ಪಿತೃಋಣ ನೆನಪಾಗುತ್ತದೆ. ಅಲ್ಲೇ ಜಾರುವ ಅಪಾಯ. ಪಿತೃಋಣಕ್ಕೆ ತೀರಿಸುವ ದಾರಿಯಿದೆ. 21ರಲ್ಲಿ ಅವನು ವರ್ಣಿಸುವ ಸಾಲ ತೀರುವುದೇ ಇಲ್ಲ, ಕೊನೆಗೆ ಸಾಲ ಕೊಟ್ಟ ದೇವರೇ ತನ್ನನ್ನು ಬಲಿಕೊಟ್ಟು ಸಾಲಗಾರನ ಪರವಾಗಿ ತೀರಿಸುತ್ತಾನೆ. 20ನ್ನು ಬಿಟ್ಟು 21ಕ್ಕೆ ಹಾರಬೇಡಿ, ಸಾಲ ಅಷ್ಟು ದೊಡ್ಡದಾದದ್ದು ಹೇಗೆಂಬುದು 20ರಲ್ಲೇ ಇದೆ.