ಹಳೆಯ ಎಚ್‌ಡಿಬಿ (ಸಿಂಗಪುರದ ಸರ್ಕಾರಿ ವಸತಿ ಮಂಡಳಿ) ಮನೆಯ ಬಚ್ಚಲು ದುರಸ್ತಿ: 82ರ ಅಪ್ಪ ಒಪ್ಪುತ್ತಿಲ್ಲ, ಏನು ಮಾಡಲಿ?

ಉಡುಪಿಯ ಮಗಳು (ಪ್ರಶ್ನೆ)

ಸಿಂಗಪುರದಲ್ಲಿ ವಯಸ್ಸಾದ ಹಿರಿಯರನ್ನು ನೋಡಿಕೊಳ್ಳುತ್ತಿರುವವರು ದಯವಿಟ್ಟು ದಾರಿ ತೋರಿಸಿ.

ಅಪ್ಪ ಇಲ್ಲಿನ ಬಂದರಿನಲ್ಲಿ ಹಡಗಿನಿಂದ ಇಳಿಯುವ ಸರಕಿನ ಲೆಕ್ಕ ಬರೆಯುತ್ತಿದ್ದವರು. ತೆಲೊಕ್ ಬ್ಲಂಗಾದಲ್ಲಿ 1970ರ ದಶಕದ ಮೂರು ಕೋಣೆಯ ಮನೆ. ಇಲ್ಲಿಯ ಎಣಿಕೆಯಲ್ಲಿ ಹಜಾರವೂ ಒಂದು ಕೋಣೆ, ಹಾಗಾಗಿ ಮಲಗಲು ಇರುವುದು ಎರಡೇ. ಅಮ್ಮ ತೀರಿಕೊಂಡ ಮೇಲೆ ಅಲ್ಲಿ ಒಬ್ಬರೇ ಇದ್ದಾರೆ.

ಈಗ ನಮ್ಮ ಬ್ಲಾಕಿಗೆ ಮನೆ ಸುಧಾರಣೆ ಯೋಜನೆ ಬಂದಿದೆ. ಮತಕ್ಕೆ ಹಾಕಿದಾಗ ಬೇಕಾದ 75% ಒಪ್ಪಿಗೆಯೂ ಸಿಕ್ಕಿತು. ಅಡುಗೆಮನೆಯ ಚಾವಣಿಯಲ್ಲಿ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಸರಳು ಕಾಣುತ್ತಿದೆ. ನಾವು ಇಲ್ಲಿನ ಪ್ರಜೆಗಳಾದ್ದರಿಂದ ಅದರ ಖರ್ಚು ಪೂರ್ತಿ ಸರ್ಕಾರದ್ದು. ಬಚ್ಚಲು ಬದಲಿಸುವುದು ಮಾತ್ರ ನಮ್ಮ ಇಷ್ಟಕ್ಕೆ ಬಿಟ್ಟದ್ದು. ಮೂರು ಕೋಣೆಯ ಮನೆಯವರು ಅದರ ವೆಚ್ಚದಲ್ಲಿ 5% ಕೊಟ್ಟರೆ ಸಾಕು. ಆದ್ದರಿಂದ ನಮ್ಮ ಕಷ್ಟ ಹಣದ್ದಲ್ಲ.

ಅಪ್ಪ ಬೇಡವೇ ಬೇಡ ಎನ್ನುತ್ತಾರೆ. ಅವರು ಇವತ್ತಿಗೂ ಮಣೆಯ ಮೇಲೆ ಕುಳಿತು, ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಮೊಗೆದು ಸ್ನಾನ ಮಾಡುವವರು. "ನಿಂತು ಮೈ ತೊಳೆಯುವ ಬಚ್ಚಲು ನನಗೇಕೆ?" ಎಂದು ಕೇಳುತ್ತಾರೆ. ಹೋದ ತಿಂಗಳು ಬಚ್ಚಲ ಹೊಸ್ತಿಲಿಗೆ ಕಾಲ್ಬೆರಳು ತಾಗಿ ಮುಗ್ಗರಿಸಿದರು. ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಆ ದಿನದಿಂದ ನನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಕೆಲಸ ನಡೆಯುವ ಹತ್ತು ದಿನ ಅವರು ಎಲ್ಲಿರಬೇಕು? ಅಣ್ಣನಂತೂ ಈ ಮನೆ ಮಾರಿ, ಹಿರಿಯರಿಗೆಂದೇ ಇರುವ ಕಡಿಮೆ ಅವಧಿಯ ಗುತ್ತಿಗೆಯ ಚಿಕ್ಕ ಮನೆ ಕೊಳ್ಳೋಣ ಎನ್ನುತ್ತಿದ್ದಾನೆ.

ಸಂಪಿಗೆ

ನಮ್ಮ ಅತ್ತೆಯವರ ಮನೆಯಲ್ಲಿ ಎರಡು ವರ್ಷದ ಹಿಂದೆ ಇದೇ ಕೆಲಸ ಆಯಿತು. ಮನೆಯೊಳಗೆ ಇಟ್ಟುಕೊಳ್ಳಲು ತಾತ್ಕಾಲಿಕ ಕಮೋಡ್ ಕೊಟ್ಟರು, ಕೆಳಗಿನ ತೆರೆದ ಜಾಗದಲ್ಲಿ ಸ್ನಾನಕ್ಕೆ ವ್ಯವಸ್ಥೆ ಇತ್ತು. ಆದರೆ ಎಂಬತ್ತು ದಾಟಿದವರು ರಾತ್ರಿ ಲಿಫ್ಟ್ ಹತ್ತಿ ಇಳಿಯುವುದು ಆಗದ ಮಾತು. ನೆಲ ಒಡೆಯುವ ಮೊದಲ ಮೂರು ದಿನದ ಸದ್ದು ಎದೆಗೇ ಬಡಿಯುತ್ತದೆ, ಧೂಳು ಅನ್ನದ ಪಾತ್ರೆಯವರೆಗೂ ಬರುತ್ತದೆ. ಆ ಮೂರು ದಿನವಾದರೂ ಅಪ್ಪನನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗಿ. ಉಳಿದ ದಿನ ಹಗಲಲ್ಲಿ ಅವರು ಅಲ್ಲಿಯೇ ಇರಲಿ, ತಮ್ಮ ಮನೆಯಲ್ಲಿ ಏನಾಗುತ್ತಿದೆ ಎಂದು ಅವರ ಕಣ್ಣಿಗೆ ಕಾಣಬೇಕು.

ನಾವು ಮಾಡಿದ ತಪ್ಪನ್ನು ಹೇಳುತ್ತೇನೆ. ಗೋಡೆಗೆ ಆಸರೆಯ ಕಂಬಿ ಹಾಕಲು ಗುರುತು ಮಾಡುವಾಗ ಅತ್ತೆ ಹಜಾರದಲ್ಲಿ ಕುಳಿತಿದ್ದರು, ಅವರನ್ನು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವರು ತೀರ ಕುಳ್ಳಗಿನವರು. ಕಂಬಿ ಕೈಗೆ ಎಟುಕಿತು, ಆದರೆ ಅದರ ಮೇಲೆ ಭಾರ ಊರಿ ಏಳಲು ಆಗಲಿಲ್ಲ. ಆರು ತಿಂಗಳು ಅದರ ಮೇಲೆ ಒದ್ದೆ ಟವೆಲ್ ತೂಗಾಡಿತು. ನೀವು ಅಪ್ಪನನ್ನು ಒಳಗೆ ಕೂರಿಸಿ, ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ.

ನಡೆದಾಡಿ

ನಾನು ಫಿಸಿಯೋಥೆರಪಿಸ್ಟ್. ಸಂಪಿಗೆ ಅಕ್ಕ ಹೇಳಿದ್ದು ಅಕ್ಷರಶಃ ಸರಿ. 65 ದಾಟಿದವರ ಮನೆಗೆ ಈಸ್ ಎಂಬ ಸರ್ಕಾರಿ ಯೋಜನೆ 2012ರಿಂದ ಇದೆ. ಜಾರದಂತೆ ನೆಲಕ್ಕೆ ಲೇಪ, ಕಂಬಿ, ಹೊಸ್ತಿಲಿಗೆ ಇಳಿಜಾರು ಎಲ್ಲವೂ ಅದರಲ್ಲಿ ಬರುತ್ತವೆ. 2024ರಲ್ಲಿ ಅದನ್ನು ವಿಸ್ತರಿಸಿದ ಮೇಲೆ ಗೋಡೆಗೆ ಮಡಚಿಡುವ ಸ್ನಾನದ ಆಸನವೂ ಸೇರಿದೆ. ನಿಮ್ಮ ಅಪ್ಪನಿಗೆ ಬೇಕಾದದ್ದು ಅದೇ. ಅವರು ಕುಳಿತು ಸ್ನಾನ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಿಸಬೇಡಿ, ಆ ವಯಸ್ಸಿಗೆ ಅದೇ ಕ್ಷೇಮ.

ಒಂದು ಮಾತು ಮರೆಯಬೇಡಿ. ಆಸನ ಎತ್ತರವಾದ ಮೇಲೆ ಬಕೆಟ್ ನೆಲದಲ್ಲೇ ಉಳಿದರೆ ಅವರು ನೀರಿಗಾಗಿ ಪ್ರತಿ ಸಲವೂ ಮುಂದಕ್ಕೆ ಬಾಗಬೇಕಾಗುತ್ತದೆ, ಆಗಲೇ ಬೀಳುವುದು. ಬಕೆಟ್ಟನ್ನೂ ಅಲುಗಾಡದ ಪೀಠದ ಮೇಲಿಡಿ, ನಲ್ಲಿ ಅದಕ್ಕೆ ಸರಿಹೊಂದಲಿ. ಹೊಸ್ತಿಲ ಬಳಿ ನೆಟ್ಟಗೆ ನಿಂತ ಕಂಬಿ ಬೇಕು, ಕೂರುವ ಕಡೆ ಅಡ್ಡ ಕಂಬಿ. ಬಿಳಿ ಗೋಡೆಗೆ ಬಿಳಿ ಕಂಬಿ ಹಾಕಿಸಬೇಡಿ, ಪೊರೆ ಬಂದ ಕಣ್ಣಿಗೆ ಅದು ಕಾಣುವುದೇ ಇಲ್ಲ.

ಕಡಲ ಬದಿ

ಅಣ್ಣನ ಯೋಚನೆ ತಪ್ಪೇನಲ್ಲ. 55 ದಾಟಿದವರು 15ರಿಂದ 45 ವರ್ಷದ ಗುತ್ತಿಗೆಗೆ ಎರಡು ಕೋಣೆಯ ಮನೆ ಕೊಳ್ಳಬಹುದು. ಕಂಪುಂಗ್ ಅಡ್ಮಿರಾಲ್ಟಿ ಎಂಬ ವಸತಿ ಸಮುಚ್ಚಯದಲ್ಲಿ ಹಿರಿಯರ ಮನೆಗಳ ಕೆಳಗೇ ಚಿಕಿತ್ಸಾಲಯ, ಊಟದ ಅಂಗಡಿಗಳು ಇವೆ. ಆದರೆ ಹಣೆ ಒಡೆದ ದಿನ ಅಪ್ಪನನ್ನು ಮೊದಲು ಎತ್ತಿದವರು ಯಾರು? ಪಕ್ಕದ ಮನೆಯವರೇ ಆಗಿದ್ದರೆ, ಆ ಪಕ್ಕದ ಮನೆ ಹೊಸ ಕಡೆ ಸಿಗುವುದಿಲ್ಲ.

ಉಡುಪಿಯ ಮಗಳು

ಎತ್ತಿದವರು ಪಕ್ಕದ ಮನೆಯ ಮಲಯ ಅಜ್ಜಿಯ ಮೊಮ್ಮಗ. ಇದನ್ನು ಅಣ್ಣನಿಗೂ ಹೇಳಿದೆ. ಅವನು ಮತ್ತೆ ಮಾರುವ ಮಾತು ಎತ್ತಿಲ್ಲ.

ಭಾನುವಾರ ಬೆಳಿಗ್ಗೆ ಒಣಗಿದ ಬಚ್ಚಲಿನಲ್ಲಿ ಅಪ್ಪನನ್ನು ಕುರ್ಚಿಯ ಮೇಲೆ ಕೂರಿಸಿ, ಏಳಿ ಎಂದೆ. ಅವರ ಬಲಗೈ ಮೇಲೇಳಲೇ ಇಲ್ಲ, ಎಡಗೈ ಗೋಡೆಗೆ ಹೋಯಿತು. ಬಲಭುಜ ಅಷ್ಟು ಸೋತಿದೆ ಎಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ನಾನು ಊಹಿಸಿದ್ದ ಜಾಗಕ್ಕೂ ಅವರ ಅಂಗೈ ಊರಿದ ಜಾಗಕ್ಕೂ ಒಂದು ಗೇಣು ವ್ಯತ್ಯಾಸ. ಆಮೇಲೆ ಪೆನ್ಸಿಲ್ ಅವರೇ ಕಿತ್ತುಕೊಂಡರು. ಆರು ಸಲ ಎದ್ದು ಕುಳಿತು, ಪ್ರತಿ ಸಲ ಕೈ ಊರಿದಲ್ಲಿ ಒಂದೊಂದು ಗೆರೆ ಎಳೆದರು. ನಾಲ್ಕು ಗೆರೆಯ ಮೇಲೆ ಐದನೆಯದು ಅಡ್ಡ, ಬಂದರಿನಲ್ಲಿ ಮೂಟೆ ಎಣಿಸುತ್ತಿದ್ದ ಹಾಗೆಯೇ. "ಇಲ್ಲಿ ಹಾಕಲಿ" ಎಂದರು. ಬೇಡ ಎನ್ನುತ್ತಿದ್ದವರು ಒಪ್ಪಿದ್ದು ಆಗಲೇ.

ಗುತ್ತಿಗೆದಾರರ ಕಡೆಯವರು ಗುರುವಾರ ಅಳತೆಗೆ ಬರುತ್ತಾರೆ. ಯಾರೂ ಒರೆಸದಂತೆ ಗೆರೆಗಳ ಸುತ್ತ ಟೇಪ್ ಅಂಟಿಸಿದ್ದೇನೆ.